ಫೋನಿನಲ್ಲಿ ತೆಗೆದ ಫೋಟೋ ನಡೆಯಲ್ಲ, ಸ್ಕ್ರೀನ್‌ಶಾಟ್ ಕೊಡಿ

ಅಕ್ಕನ ಮಗಳ ಕಾಲೇಜು ಅರ್ಜಿಯ ಶುಲ್ಕ ಬ್ಯಾಂಕಿನಿಂದ ಹೋಗಿತ್ತು, ಕಾಲೇಜಿಗೆ ತಲುಪಿರಲಿಲ್ಲ. ಲ್ಯಾಪ್‌ಟಾಪ್ ಮೇಲೆ ಬಂದ ಕ್ಯೂಆರ್ ಕೋಡನ್ನು ಅವಳು ಫೋನಿನಿಂದ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಒತ್ತಿದ್ದಳು. ಫೋನಿನಲ್ಲಿ ಹಸಿರು ಟಿಕ್ ಬಂತು. ಲ್ಯಾಪ್‌ಟಾಪ್‌ನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ‘ಸೆಷನ್ ಎಕ್ಸ್‌ಪೈರ್ಡ್’ ಅಂತ ಬಂದು ನಿಂತಿತು. ಹೆಲ್ಪ್‌ಡೆಸ್ಕಿಗೆ ಮೇಲ್ ಹಾಕಿದಳು. ಬಂದ ಉತ್ತರ ಚಿಕ್ಕದು: ದಿನಾಂಕ, ಸಮಯ ಮತ್ತು ವೆಬ್ ವಿಳಾಸ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ, 1 ಎಂಬಿ ಒಳಗೆ ಕಳಿಸಿ. ಫೋನಿನಲ್ಲಿ ತೆಗೆದ ಫೋಟೋ ಪರಿಗಣಿಸುವುದಿಲ್ಲ.

ಅವಳು ಕಳಿಸಿದ್ದು ಫೋನಿನ ಫೋಟೋಗಳನ್ನೇ. ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಶುಲ್ಕ ಇನ್ನೊಂದು ಸಲ ಕಟ್ಟುವಷ್ಟು ಸಣ್ಣದೂ ಅಲ್ಲ. ಅಕ್ಕ ಫೋನ್ ಮಾಡಿ, "ನೀನು ದಿನಾ ಇದೇ ಕೆಲಸ ಮಾಡ್ತೀಯಲ್ಲ, ಒಂದ್ಸಲ ಬಂದು ನೋಡೋ" ಅಂದಳು. ಹೌದು, ನನ್ನ ಕೆಲಸ ಸಾಫ್ಟ್‌ವೇರ್ ಕೈಪಿಡಿ ಬರೆಯುವುದು. ಬೆಳಗಿನಿಂದ ಸಂಜೆವರೆಗೆ ಸ್ಕ್ರೀನ್‌ಶಾಟ್ ತೆಗೆಯುವುದು, ಕತ್ತರಿಸುವುದು, ಬಾಣ ಹಾಕುವುದು. ಆದರೆ ಆಫೀಸಿನಲ್ಲಿ ತೆಗೆಯುವ ಸ್ಕ್ರೀನ್‌ಶಾಟ್ ಬೇರೆ, ಒಂದು ಹುಡುಗಿಯ ವರ್ಷ ಉಳಿಸಬೇಕಾದ ಸ್ಕ್ರೀನ್‌ಶಾಟ್ ಬೇರೆ. ಇದನ್ನು ನೋಡುವವರು ನಮ್ಮ ಪರಿಚಯದವರಲ್ಲ. ಅವರಿಗೆ ನಮ್ಮ ಮಾತು ಕೇಳುವ ಪುರಸೊತ್ತು ಇಲ್ಲ. ಆ ಒಂದು ಚಿತ್ರ ನೋಡಿಯೇ ನಂಬಬೇಕು.

ಮೊದಲು ಕಾಲೇಜಿಗೇ ಹೋಗೋಣ ಅಂದೆ. ಅವರಿಗೆ ಏನು ಬೇಕು ಅಂತ ಎದುರಿಗೆ ಕೇಳಿದರೆ ಅರ್ಧ ಕೆಲಸ ಆದ ಹಾಗೆ. ಶನಿವಾರ ಬೆಳಿಗ್ಗೆ ಹನುಮಂತನಗರದಿಂದ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ಹೆಲ್ಪ್‌ಡೆಸ್ಕ್ ಕಿಟಕಿಯ ಮುಂದೆ ಆಗಲೇ ಉದ್ದ ಸಾಲು. ಮಾಗಡಿ, ಕನಕಪುರ ಕಡೆಯಿಂದ ಬಸ್ ಹತ್ತಿ ಬಂದ ಅಪ್ಪಂದಿರು, ಕೈಯಲ್ಲಿ ಫೈಲು, ಪಕ್ಕದಲ್ಲಿ ಮಕ್ಕಳು. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಕಥೆ.

ಕಿಟಕಿಯೊಳಗಿದ್ದ ಕ್ಲರ್ಕ್ ಕೆಟ್ಟ ಮನುಷ್ಯ ಅಲ್ಲ, ಸುಸ್ತಾಗಿದ್ದರು ಅಷ್ಟೇ. ತಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. "ನೀವೇ ನೋಡಿ ಸರ್, ಇದರಲ್ಲಿ ನಂಬರ್ ಎಲ್ಲಿದೆ?" ಯಾರೋ ಲ್ಯಾಪ್‌ಟಾಪ್ ಎದುರು ಫೋನ್ ಹಿಡಿದು ತೆಗೆದ ಫೋಟೋ. ಮೇಲಿನಿಂದ ಕೆಳಗೆ ಕಾಮನಬಿಲ್ಲಿನ ಬಣ್ಣದ ಅಲೆಗಳು. ಮಧ್ಯದಲ್ಲಿ ಟ್ಯೂಬ್‌ಲೈಟಿನ ಬಿಳಿ ಪಟ್ಟಿ. ಆ ಪಟ್ಟಿಯ ಕೆಳಗೇ ವ್ಯವಹಾರದ ಸಂಖ್ಯೆ ಮುಚ್ಚಿಹೋಗಿತ್ತು. ಅವರು ದೊಡ್ಡದು ಮಾಡಿದಷ್ಟೂ 3 ಯಾವುದು, 8 ಯಾವುದು ಅಂತ ಗೊತ್ತಾಗದ ಹಾಗೆ ಕದಡಿತು.

ಆ ಅಲೆ ಬರುವುದು ಕ್ಯಾಮೆರಾ ಕೆಟ್ಟದಾಗಿರುವುದರಿಂದ ಅಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ಪಿಕ್ಸೆಲ್‌ಗಳ, ಅಂದರೆ ಬಣ್ಣದ ಸಣ್ಣ ಚುಕ್ಕೆಗಳ ಒಂದು ಜಾಲ ಇರುತ್ತದೆ. ಫೋನಿನ ಸೆನ್ಸರಿನಲ್ಲಿ ಇನ್ನೊಂದು ಜಾಲ. ಎರಡು ಸೊಳ್ಳೆ ಪರದೆ ಒಂದರ ಮೇಲೊಂದು ಬಿದ್ದಾಗ ಸುಳಿ ಸುಳಿ ಗೆರೆ ಕಾಣುತ್ತದಲ್ಲ, ಹಾಗೆ. ಎಷ್ಟು ದುಬಾರಿ ಫೋನ್ ಆದರೂ ಇದು ತಪ್ಪಿದ್ದಲ್ಲ. ಸ್ಕ್ರೀನ್‌ಶಾಟಿನಲ್ಲಿ ಕ್ಯಾಮೆರಾ ಬರುವುದೇ ಇಲ್ಲ. ಪರದೆಗೆ ಹೋಗುವ ಅದೇ ಪಿಕ್ಸೆಲ್‌ಗಳನ್ನು ಕಂಪ್ಯೂಟರ್ ಇದ್ದ ಹಾಗೇ ನಕಲು ಮಾಡಿ ಕೊಡುತ್ತದೆ.

ಕ್ಲರ್ಕ್ ಹತ್ತಿರ ಮೂರು ವಿಷಯ ಕೇಳಿ ಬರೆದುಕೊಂಡೆ. ಅರ್ಜಿಯಲ್ಲಿ ಶುಲ್ಕ ಬಾಕಿ ಅಂತ ತೋರಿಸುವ ಪುಟ ಬೇಕು. ಹಣ ಹೋದದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲು ಬೇಕು, ಅದರಲ್ಲಿ ಯುಪಿಐನ 12 ಅಂಕಿಯ ಸಂಖ್ಯೆ ಕಾಣಬೇಕು. ‘ವೆರಿಫೈ ಪೇಮೆಂಟ್’ ಒತ್ತಿದಾಗ ಬರುವ ಸಂದೇಶವೂ ಬೇಕು. ಈ ಮೂರನೆಯದನ್ನು ಹೆಚ್ಚಿನವರು ಕಳಿಸುವುದೇ ಇಲ್ಲವಂತೆ. ಯಾಕೆ ಅಂತ ಮನೆಗೆ ಹೋದ ಮೇಲೆ ಗೊತ್ತಾಯಿತು.

ಅವಳ ಲ್ಯಾಪ್‌ಟಾಪ್ ಎಸ್‌ಪಿ ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್. ವಿಂಡೋಸ್ 11 ಇದೆ, ಚೆನ್ನಾಗಿಯೇ ಓಡುತ್ತದೆ. ಪ್ರಿಂಟ್ ಸ್ಕ್ರೀನ್ ಕೀ ಮೇಲಿನ ಸಾಲಿನಲ್ಲಿ ಇನ್ನೊಂದು ಕೀ ಜೊತೆ ಜಾಗ ಹಂಚಿಕೊಂಡಿತ್ತು. ಇಂಥ ಕೀಬೋರ್ಡಿನಲ್ಲಿ ಎಡಗಡೆ ಕೆಳಗಿರುವ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಬೇಕು. ಒತ್ತದಿದ್ದರೆ ಏನೂ ಆಗಲ್ಲ, ಜನ ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂದ ಹಾಗೆ, 1981ರ ಐಬಿಎಂ ಪಿಸಿಯಲ್ಲಿ ಶಿಫ್ಟ್ ಜೊತೆ ಈ ಕೀ ಒತ್ತಿದರೆ ಪರದೆ ಮೇಲಿನ ಅಕ್ಷರಗಳು ನೇರವಾಗಿ ಪ್ರಿಂಟರಿಗೆ ಹೋಗಿ ಕಾಗದದ ಮೇಲೆ ಬರುತ್ತಿದ್ದವು. ಪ್ರಿಂಟ್ ಮಾಡುವ ಕೆಲಸ ಹೋಗಿ ಎಷ್ಟೋ ಕಾಲ ಆಯಿತು, ಹೆಸರು ಹಾಗೇ ಉಳಿದಿದೆ.

"ಮಾಮ, ನಾನು ಆ ಕೀ ಒತ್ತಿ ನೋಡಿದ್ದೆ. ಎಲ್ಲಿ ಸೇವ್ ಆಯ್ತು ಅಂತಾನೇ ಗೊತ್ತಾಗಲಿಲ್ಲ" ಅಂದಳು. ಹಳೆಯ ಪದ್ಧತಿಯಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ಕ್ಲಿಪ್‌ಬೋರ್ಡಿಗೆ, ಅಂದರೆ ನಕಲು ಮಾಡಿದ್ದು ತಾತ್ಕಾಲಿಕವಾಗಿ ಇರುವ ಜಾಗಕ್ಕೆ ಹೋಗುತ್ತದೆ, ಫೈಲ್ ಆಗಲ್ಲ. ಪೇಂಟ್ ತೆರೆದು ಕಂಟ್ರೋಲ್ ವಿ ಒತ್ತಿದರೆ ಕಾಣುತ್ತದೆ. ಹೊಸ ವಿಂಡೋಸ್ 11ರಲ್ಲಿ ಅದೇ ಕೀ, ಸ್ಕ್ರೀನ್‌ಶಾಟ್ ತೆಗೆಯುವ ಸ್ನಿಪ್ಪಿಂಗ್ ಟೂಲನ್ನು ತೆರೆಯುವ ಹಾಗೆ ಬದಲಾಗಿದೆ. ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್‌ಗೆ ಹೋಗಿ ಆಫ್ ಮಾಡಬಹುದು.

ನಾವು ಬಳಸಿದ್ದು ವಿಂಡೋಸ್ ಕೀ ಮತ್ತು ಪ್ರಿಂಟ್ ಸ್ಕ್ರೀನ್ ಎರಡೂ ಸೇರಿಸಿ. ಇಂಥ ಕೆಲಸಕ್ಕೆ ನನ್ನ ಆಯ್ಕೆ ಯಾವಾಗಲೂ ಇದೇ. ಪರದೆ ಒಂದು ಕ್ಷಣ ಮಂಕಾಗುತ್ತದೆ, ಇಡೀ ಪರದೆ ಪಿಎನ್‌ಜಿ ಫೈಲ್ ಆಗಿ ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿಗೆ ಸೇರುತ್ತದೆ. ಮೇಲೆ ವೆಬ್ ವಿಳಾಸ, ಕೆಳಗೆ ಬಲ ಮೂಲೆಯಲ್ಲಿ ಗಡಿಯಾರ ಮತ್ತು ದಿನಾಂಕ, ಎರಡೂ ಬಂದಿರುತ್ತವೆ. ಕಾಲೇಜು ಕೇಳಿದ್ದೂ ಅದನ್ನೇ. ಆಲ್ಟ್ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಎದುರಿಗಿರುವ ಕಿಟಕಿಯೊಂದೇ ಬರುತ್ತದೆ, ಗಡಿಯಾರ ಬಿಟ್ಟುಹೋಗುತ್ತದೆ. ವಿಂಡೋಸ್, ಶಿಫ್ಟ್, ಎಸ್ ಮೂರೂ ಒತ್ತಿ ಬೇಕಾದ ಜಾಗ ಮಾತ್ರ ಎಳೆದು ತೆಗೆಯುವುದು ತುಂಬ ಸಲೀಸು, ನಾನು ಆಫೀಸಿನಲ್ಲಿ ಜಾಸ್ತಿ ಬಳಸುವುದು ಅದನ್ನೇ. ಆದರೆ ಬೇಕಾದದ್ದನ್ನು ಮಾತ್ರ ಕತ್ತರಿಸಿ ಕೊಟ್ಟರೆ ಉಳಿದದ್ದರಲ್ಲಿ ಏನಿತ್ತು ಅಂತ ಎದುರಿನವರು ಕೇಳಬಹುದು ಅಲ್ವಾ?

ಫೋಲ್ಡರ್ ತೆರೆದರೆ ಖಾಲಿ! ಅವಳ ಮುಖ ಸಪ್ಪಗಾಯಿತು. ಗಾಬರಿ ಬೇಡ ಅಂದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಒನ್‌ಡ್ರೈವ್, ಅಂದರೆ ಫೈಲ್‌ಗಳನ್ನು ಆನ್‌ಲೈನ್‌ನಲ್ಲೂ ಇಡುವ ಮೈಕ್ರೋಸಾಫ್ಟ್ ಸೇವೆ ಚಾಲೂ ಇತ್ತು. ಹಾಗಿದ್ದಾಗ ಪಿಕ್ಚರ್ಸ್ ಫೋಲ್ಡರೇ ಒನ್‌ಡ್ರೈವ್ ಒಳಗೆ ಹೋಗಿರಬಹುದು. ಅಲ್ಲಿ ಹುಡುಕಿದರೆ ಅವಳು ಹಿಂದೆ ಒತ್ತಿ ನೋಡಿದ ಒಂದೆರಡು ಚಿತ್ರಗಳೂ ಸಿಕ್ಕವು.

ತೆಗೆಯುವ ಮೊದಲು ಪರದೆ ಚೊಕ್ಕ ಮಾಡಿಸಿದೆ. ಬೇರೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿಸಿದೆ. ವಾಟ್ಸ್ಆ್ಯಪ್ ವೆಬ್ ತೆರೆದಿತ್ತು, ಅದನ್ನೂ ಮುಚ್ಚಿಸಿದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿಸಿದೆ. ಗೆಳತಿಯರ ಸಂದೇಶ ಮೂಲೆಯಲ್ಲಿ ಮಿಂಚಿ, ಅದು ಕಾಲೇಜಿನ ಕಡತ ಸೇರುವುದು ಯಾರಿಗೆ ಬೇಕು? ಆಮೇಲೆ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟವನ್ನು ದೊಡ್ಡದು ಮಾಡಿದೆ. ಅವಳ ಪರದೆ 1366×768ರದ್ದು. ಅರ್ಜಿಯಲ್ಲಿ ಅವಳ ಹೆಸರು ಕನ್ನಡದಲ್ಲೂ ಇತ್ತು, ಚಿಕ್ಕ ಅಳತೆಯಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತಿದ್ದವು. ಒಮ್ಮೆ ತೆಗೆದ ಮೇಲೆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಹೊಸ ಪಿಕ್ಸೆಲ್ ಬರಲ್ಲ. ದೊಡ್ಡದು ಮಾಡುವುದಿದ್ದರೆ ತೆಗೆಯುವ ಮೊದಲೇ ಮಾಡಬೇಕು.

ಅರ್ಜಿಯ ಪುಟ ಉದ್ದ ಇತ್ತು, ಒಂದು ಪರದೆಯಲ್ಲಿ ಹಿಡಿಸಲಿಲ್ಲ. ಎಡ್ಜ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ಇಡೀ ಪುಟವನ್ನು ಒಂದೇ ಚಿತ್ರವಾಗಿ ತೆಗೆಯುವ ಸೌಲಭ್ಯ ಇದೆ. ಆದರೆ ಅದರಲ್ಲಿ ವಿಳಾಸದ ಪಟ್ಟಿ ಬರಲ್ಲ, ಗಡಿಯಾರವೂ ಬರಲ್ಲ. ಇಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಸಾದಾ ಕಂಟ್ರೋಲ್ ಪಿ. ಪ್ರಿಂಟ್ ಕಿಟಕಿಯಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ, ‘ಮೋರ್ ಸೆಟ್ಟಿಂಗ್ಸ್’ ಒಳಗೆ ‘ಹೆಡರ್ಸ್ ಆ್ಯಂಡ್ ಫೂಟರ್ಸ್’ ಅನ್ನುವುದಕ್ಕೆ ಟಿಕ್ ಹಾಕಿದರೆ, ಪುಟದ ಮೇಲೆ ದಿನಾಂಕ ಮತ್ತು ಸಮಯ, ಕೆಳಗೆ ಪೂರ್ತಿ ವೆಬ್ ವಿಳಾಸ ತಾನಾಗಿ ಅಚ್ಚಾಗುತ್ತದೆ. ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ಎಷ್ಟು ಹಿಗ್ಗಿಸಿದರೂ ಕದಡಲ್ಲ. ಅರ್ಜಿಯ ಪುಟವನ್ನು ಹೀಗೆ ಉಳಿಸಿದೆವು. ‘ಶುಲ್ಕ ಬಾಕಿ’ ಅಂತ ಬರೆದಿರುವ ಭಾಗವನ್ನು ಸ್ಕ್ರೀನ್‌ಶಾಟ್ ಆಗಿಯೂ ತೆಗೆದೆವು.

ಇನ್ನು ಆ ಮೂರನೆಯ ಸಂದೇಶ. ‘ವೆರಿಫೈ ಪೇಮೆಂಟ್’ ಒತ್ತಿದರೆ ಮೇಲೆ ಬಲಗಡೆ ಒಂದು ಕೆಂಪು ಪಟ್ಟಿ ಇಳಿದು ಬಂದು, ಓದಿ ಮುಗಿಸುವ ಮೊದಲೇ ಮಾಯವಾಗುತ್ತಿತ್ತು. ಜನ ಯಾಕೆ ಇದನ್ನು ಕಳಿಸುತ್ತಿಲ್ಲ ಅಂತ ಆಗ ಅರ್ಥವಾಯಿತು. ಮೌಸ್ ಬಿಟ್ಟು ಕೀಗಳ ಕಡೆ ಕೈ ತರುವಷ್ಟರಲ್ಲಿ ಅದು ಹೋಗಿರುತ್ತದೆ. ಸ್ನಿಪ್ಪಿಂಗ್ ಟೂಲಿನಲ್ಲಿ ಇದಕ್ಕೆ ಒಂದು ದಾರಿ ಇದೆ. ಮೇಲೆ ಗಡಿಯಾರದ ಗುರುತು ಒತ್ತಿ 3, 5 ಅಥವಾ 10 ಸೆಕೆಂಡ್ ತಡ ಇಡಬಹುದು. 3 ಸೆಕೆಂಡ್ ಇಟ್ಟು, ‘ನ್ಯೂ’ ಒತ್ತಿ, ತಕ್ಷಣ ಪುಟಕ್ಕೆ ಬಂದು ವೆರಿಫೈ ಒತ್ತಿದರೆ ಸಂದೇಶ ಇರುವಾಗಲೇ ಪರದೆ ನಿಲ್ಲಬೇಕು. ಆದರೆ ಆ ವೆಬ್‌ಸೈಟ್ ಒಮ್ಮೆ ಬೇಗ, ಒಮ್ಮೆ ನಿಧಾನ ಉತ್ತರ ಕೊಡುತ್ತಿತ್ತು, ಲೆಕ್ಕ ಕೂಡಲಿಲ್ಲ.

ಕೊನೆಗೆ ಇಬ್ಬರೂ ಸೇರಿದೆವು. ಅವಳ ಬಲಗೈ ಮೌಸ್ ಮೇಲೆ. ನನ್ನ ಒಂದು ಬೆರಳು ವಿಂಡೋಸ್ ಕೀ ಮೇಲೆ, ಒಂದು ಎಫ್‌ಎನ್ ಮೇಲೆ, ಇನ್ನೊಂದು ಕೈಯ ಬೆರಳು ಪ್ರಿಂಟ್ ಸ್ಕ್ರೀನ್‌ನ ಮೇಲೆ ತಾಗಿಯೂ ತಾಗದ ಹಾಗೆ. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒತ್ಲಾ ಮಾಮ?" "ಒತ್ತು." ಚಕ್ರ ತಿರುಗಿತು, ಕೆಂಪು ಪಟ್ಟಿ ಇಳಿಯಿತು, ಒತ್ತಿದೆ. ಪರದೆ ಒಮ್ಮೆ ಮಂಕಾಯಿತು. ತೆರೆದು ನೋಡಿದರೆ ಪೂರ್ತಿ ಸಂದೇಶ, ಪಕ್ಕದಲ್ಲೇ ಅರ್ಜಿ ಸಂಖ್ಯೆ, ಕೆಳಗೆ ಗಡಿಯಾರ. ‘ಪೇಮೆಂಟ್ ನಾಟ್ ರಿಸೀವ್ಡ್ ಫ್ರಮ್ ಗೇಟ್‌ವೇ’ ಅಂತ ಸ್ಪಷ್ಟವಾಗಿ ಬರೆದಿತ್ತು. ಗೇಟ್‌ವೇ ಅಂದರೆ ಬ್ಯಾಂಕಿಗೂ ಕಾಲೇಜಿಗೂ ನಡುವೆ ಹಣ ದಾಟಿಸುವ ಸೇವೆ. ಹಣ ಬ್ಯಾಂಕಿನಿಂದ ಹೊರಟಿದೆ, ಮಧ್ಯದಲ್ಲಿ ಸಿಕ್ಕಿಕೊಂಡಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಒಬ್ಬರೇ ಇದ್ದರೆ ಪರದೆಯ ವಿಡಿಯೋ ತೆಗೆಯುವುದು ವಾಸಿ. ಸ್ನಿಪ್ಪಿಂಗ್ ಟೂಲಿನಲ್ಲೇ ಅದಕ್ಕೆ ಕ್ಯಾಮೆರಾ ಗುರುತು ಇದೆ. ಆಮೇಲೆ ವಿಡಿಯೋವನ್ನು ಬೇಕಾದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದರಾಯಿತು.

ಬ್ಯಾಂಕಿನ ಭಾಗ ಸುಲಭವಾಗಿ ಮುಗಿಯಿತು. ಹೆಚ್ಚಿನ ಬ್ಯಾಂಕ್ ಆ್ಯಪ್‌ಗಳು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ, ಅದು ಸುರಕ್ಷತೆಗೆ. ಲ್ಯಾಪ್‌ಟಾಪ್‌ನಲ್ಲಿ ನೆಟ್‌ಬ್ಯಾಂಕಿಂಗ್ ತೆರೆದು ಆ ದಿನದ ಸ್ಟೇಟ್‌ಮೆಂಟ್ ತೋರಿಸಿ ತೆಗೆದೆವು.

ತೆಗೆದ ಎಲ್ಲ ಚಿತ್ರಗಳನ್ನೂ ಒಂದು ಫೋಲ್ಡರಿಗೆ ಹಾಕಿ ‘ಮೂಲ’ ಅಂತ ಹೆಸರಿಟ್ಟೆ. ಅವುಗಳನ್ನು ಮುಟ್ಟಬಾರದು ಅಂತ ಅವಳಿಗೆ ಹೇಳಿದೆ. ಕತ್ತರಿಸುವುದು, ಮುಚ್ಚುವುದು ಎಲ್ಲ ನಕಲು ಪ್ರತಿಯಲ್ಲಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಇಂಥ ವಿಷಯ ಮುಂದೆ ದೂರು, ಕೋರ್ಟು ಅಂತ ಹೋದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ತಿದ್ದಿದ ಫೈಲ್ ಮಾತ್ರ ಇಟ್ಟುಕೊಂಡು ಮೂಲ ಅಳಿಸಿದವರ ಮಾತಿಗೆ ಬಲ ಕಡಿಮೆ. ಆನ್‌ಲೈನ್ ಮೋಸಕ್ಕೆ ಸಿಕ್ಕಿ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡುವವರಿಗೂ ಇದೇ ಮಾತು. ಮೊದಲು ಫೋನ್ ಮಾಡಿ, ಜೊತೆಗೇ ಎಲ್ಲ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಯಾವುದನ್ನೂ ಅಳಿಸಬೇಡಿ.

ಮುಚ್ಚುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಸ್ಟೇಟ್‌ಮೆಂಟಿನಲ್ಲಿ ಅಕ್ಕನ ಖಾತೆಯ ಸಂಖ್ಯೆ, ಉಳಿದಿರುವ ಹಣ, ದಿನಸಿ ಅಂಗಡಿಗೆ, ಔಷಧಿ ಅಂಗಡಿಗೆ ಕೊಟ್ಟದ್ದು ಎಲ್ಲ ಇತ್ತು. ಕಾಲೇಜಿಗೆ ಅದೆಲ್ಲ ಯಾಕೆ? ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ, ದಿನಾಂಕ, ಮೊತ್ತ, ಯುಪಿಐ ಸಂಖ್ಯೆ, ಇಷ್ಟು ಸಾಕು. ಅವಳು ಫೋನಿನಲ್ಲಿ ಕಪ್ಪು ಮಾರ್ಕರ್ ಎಳೆದು ತೋರಿಸಿದಳು. ನಾನು ಅದೇ ಚಿತ್ರದ ಬ್ರೈಟ್‌ನೆಸ್ ಮತ್ತು ಎಕ್ಸ್‌ಪೋಷರ್ ಪೂರ್ತಿ ಏರಿಸಿದೆ. ಕಪ್ಪಿನ ಹಿಂದಿನಿಂದ ಅಂಕಿಗಳು ಒಂದೊಂದೇ ಎದ್ದು ಬಂದವು. "ಅಯ್ಯೋ!" ಅಂದಳು. ಆ ಮಾರ್ಕರ್ ಅರೆಪಾರದರ್ಶಕ, ಪೂರ್ತಿ ಮುಚ್ಚುವುದಿಲ್ಲ. ಮಸುಕು ಮಾಡುವುದನ್ನೂ ನಾನು ನಂಬುವುದಿಲ್ಲ, ಅಂಕಿಗಳನ್ನು ಅದರಿಂದ ಊಹಿಸಿ ತೆಗೆಯಬಹುದು. ಪೇಂಟ್‌ನಲ್ಲಿ ಚೌಕ ಆರಿಸಿ, ಒಳಗೆ ಗಟ್ಟಿ ಕಪ್ಪು ಬಣ್ಣ ತುಂಬಿ, ಪಿಎನ್‌ಜಿಯಾಗಿ ಉಳಿಸಿದರೆ ಕೆಳಗಿನ ಪಿಕ್ಸೆಲ್‌ಗಳು ನಿಜವಾಗಿಯೂ ಹೋಗುತ್ತವೆ. ಇದನ್ನು ಪಿಡಿಎಫ್ ಮಾಡುವ ಮೊದಲೇ ಮಾಡಬೇಕು. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಅದು ಬರೀ ಹೊದಿಕೆ, ಕೆಳಗಿನ ಅಕ್ಷರಗಳು ಹಾಗೇ ಇರಬಹುದು.

ಕತ್ತರಿಸಿದ ಚಿತ್ರಗಳ ಬಗ್ಗೆಯೂ ಒಂದು ಮಾತು. 2023ರಲ್ಲಿ ಸ್ನಿಪ್ಪಿಂಗ್ ಟೂಲಿನ ಒಂದು ದೋಷ ಬೆಳಕಿಗೆ ಬಂದಿತ್ತು. ಚಿತ್ರ ಕತ್ತರಿಸಿ ಅದೇ ಫೈಲಿನ ಮೇಲೆ ಉಳಿಸಿದರೆ, ಕತ್ತರಿಸಿ ಬಿಟ್ಟ ಭಾಗದ ಮಾಹಿತಿ ಫೈಲಿನ ಬಾಲದಲ್ಲಿ ಉಳಿದುಬಿಡುತ್ತಿತ್ತು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲೂ ಇಂಥದ್ದೇ ಸಮಸ್ಯೆ ಇತ್ತು. ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿ ಸರಿ ಮಾಡಿತು. ಅದಾದ ಮೇಲೆ ನಾನು ಕತ್ತರಿಸಿದ್ದನ್ನು ಯಾವಾಗಲೂ ಹೊಸ ಹೆಸರಿನಲ್ಲಿ ಉಳಿಸುತ್ತೇನೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಬಾಕಿ ಇದ್ದ ಅಪ್‌ಡೇಟ್‌ಗಳನ್ನೂ ಹಾಕಿಸಿದೆ.

1 ಎಂಬಿ ಮಿತಿ ಇದ್ದುದರಿಂದ, ಜೆಪಿಜಿ ಮಾಡಿದರೆ ಚಿಕ್ಕದಾಗುತ್ತದಲ್ಲ ಅಂತ ಅವಳ ಪ್ರಶ್ನೆ. ಫೋಟೋಗಳಿಗೆ ಸರಿ. ಅಕ್ಷರಗಳಿಗೆ ಅಲ್ಲ. ಜೆಪಿಜಿ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಎಸೆದು ಜಾಗ ಉಳಿಸುತ್ತದೆ. ಅಕ್ಷರದ ಅಂಚೇ ಆ ಸೂಕ್ಷ್ಮ. ಕುಗ್ಗಿಸಿದಷ್ಟೂ ಅಕ್ಷರದ ಸುತ್ತ ಕೊಳೆ ಹಿಡಿದ ಹಾಗಾಗುತ್ತದೆ. ಪಿಎನ್‌ಜಿಯಲ್ಲಿ ಒಂದು ಪಿಕ್ಸೆಲ್ಲೂ ಹೋಗಲ್ಲ. ಬಿಳಿ ಹಿನ್ನೆಲೆಯ ಅರ್ಜಿ ಪುಟದಂಥ ಚಿತ್ರ ಪಿಎನ್‌ಜಿಯಲ್ಲೂ ಚಿಕ್ಕದಾಗೇ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ಅದು ಚಿತ್ರವನ್ನು ಕುಗ್ಗಿಸುತ್ತದೆ, ಹಾಗಾಗಿ ಫೋನಿನ ಪೇಮೆಂಟ್ ಆ್ಯಪಿನ ಸ್ಕ್ರೀನ್‌ಶಾಟನ್ನು ಡಾಕ್ಯುಮೆಂಟ್ ಆಗಿ ಲ್ಯಾಪ್‌ಟಾಪಿಗೆ ತರಿಸಿದೆ.

ಫೈಲ್‌ಗಳಿಗೆ 01, 02 ಅಂತ ಕ್ರಮವಾಗಿ ಹೆಸರಿಟ್ಟು, ಎಲ್ಲವನ್ನೂ ಒಟ್ಟಿಗೆ ಆರಿಸಿ, ಬಲ ಕ್ಲಿಕ್ ಮಾಡಿ ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಕೊಟ್ಟೆವು. ಒಂದೇ ಫೈಲ್ ಬಂತು, 1 ಎಂಬಿ ಒಳಗೇ ಇತ್ತು. ಕಂಟ್ರೋಲ್ ಪಿಯಲ್ಲಿ ಉಳಿಸಿದ್ದ ಅರ್ಜಿಯ ಪುಟವನ್ನು ಮುಂದೆ ಕೇಳಿದರೆ ಇರಲಿ ಅಂತ ‘ಮೂಲ’ದಲ್ಲೇ ಬಿಟ್ಟೆವು.

ಮೇಲ್‌ನಲ್ಲಿ ಜಾಸ್ತಿ ಬರೆಯಲಿಲ್ಲ. ಅರ್ಜಿ ಸಂಖ್ಯೆ, ಮೊತ್ತ, ದಿನಾಂಕ, ಯುಪಿಐ ಸಂಖ್ಯೆಗಳನ್ನು ಮೇಲ್‌ನ ಒಳಗೂ ಟೈಪ್ ಮಾಡಿಸಿದೆ, ಅವರು ನೋಡಿಕೊಂಡು ಮತ್ತೆ ಟೈಪ್ ಮಾಡುವ ಕಷ್ಟ ಬೇಡ. ಜೊತೆಗೆ ಒಂದು ಸಾಲು: 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಾತ್ರಿ ಸಿಗದಿದ್ದರೆ, ವ್ಯವಹಾರದ ದಿನದ ನಂತರ 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಣ ವಾಪಸ್ ಬರುವಷ್ಟರಲ್ಲಿ ಅರ್ಜಿಯ ದಿನ ಮುಗಿಯುತ್ತದೆ, ದಯವಿಟ್ಟು ಇದೇ ಪಾವತಿಯನ್ನು ಅರ್ಜಿಗೆ ಹೊಂದಿಸಿ ಅಂತ ಕೇಳಿಕೊಂಡಳು.

ಸೋಮವಾರ ಮಧ್ಯಾಹ್ನ ಉತ್ತರ ಬಂತು. ಪಾವತಿ ಸಿಕ್ಕಿದೆ, ಅರ್ಜಿಗೆ ಸೇರಿಸಲಾಗಿದೆ, ರಸೀದಿ ಡೌನ್‌ಲೋಡ್ ಮಾಡಿಕೊಳ್ಳಿ. ಅಕ್ಕ ಫೋನಿನಲ್ಲೇ ಅತ್ತುಬಿಟ್ಟಳು. ಹುಡುಗಿ ಮಾತ್ರ ಆಗಲೇ ಬೇರೆ ಕೆಲಸ ಹಿಡಿದಿದ್ದಳು. ಕಿಟಕಿಯ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಕನಕಪುರದ ಹುಡುಗಿಯ ನಂಬರ್ ತೆಗೆದುಕೊಂಡಿದ್ದಳಂತೆ. ಆ ಹುಡುಗಿಯ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಊರಿನ ಸೈಬರ್ ಸೆಂಟರಿಗೆ ಹೋಗಿ ಕೂತು ಫೋನ್ ಮಾಡಿದ್ದಾಳೆ. ಇವಳು ಇಲ್ಲಿಂದ ಹೇಳುತ್ತಿದ್ದಳು: "ವಿಂಡೋಸ್ ಕೀ ಹಿಡ್ಕೊ, ಬಿಡಬೇಡ, ಈಗ ಅಣ್ಣನಿಗೆ ಮೌಸ್ ಒತ್ತೋಕೆ ಹೇಳು."

ಅವರದ್ದು ಮುಗಿದ ಮೇಲೆ ನಾನೂ ಒಂದು ವಿಷಯ ಸೇರಿಸಿದೆ. ಸೈಬರ್ ಸೆಂಟರಿನ ಕಂಪ್ಯೂಟರ್ ಆದ್ದರಿಂದ, ಫೈಲ್‌ಗಳನ್ನು ತನ್ನ ಮೇಲ್‌ಗೆ ಕಳಿಸಿಕೊಂಡು, ಸ್ಕ್ರೀನ್‌ಶಾಟ್ಸ್ ಫೋಲ್ಡರಿನಿಂದಲೂ ಡೌನ್‌ಲೋಡ್ಸ್‌ನಿಂದಲೂ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಬೇಕು. ವಿಂಡೋಸ್ ಮತ್ತು ವಿ ಒತ್ತಿ ನೋಡಬೇಕು. ಅಲ್ಲಿ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಆಗಿದ್ದರೆ ಹಿಂದಿನ 25 ನಕಲುಗಳವರೆಗೆ ಉಳಿದಿರುತ್ತವೆ, ಅಪ್ಪನ ಖಾತೆಯ ಚಿತ್ರವೂ ಅದರಲ್ಲಿ ಇರಬಹುದು. ‘ಕ್ಲಿಯರ್ ಆಲ್’ ಒತ್ತಿ, ಬ್ಯಾಂಕಿನಿಂದಲೂ ಮೇಲ್‌ನಿಂದಲೂ ಲಾಗ್ ಔಟ್ ಆಗಿ, ಆಮೇಲೆ ಎದ್ದು ಬರಲು ಹೇಳು ಅಂದೆ.